ಹಳೆಯ ತಂಪೆಣ್ಣೆ

ಉಪ್ಪು ಎಂದರೆ ಹರಳು. ಡಬ್ಬಿಯಲ್ಲಿ ಕೂತಿರುತ್ತದೆ, ಚಿಟಿಕೆಯಲ್ಲಿ ಎತ್ತಿ ಸಾರಿಗೆ ಹಾಕುತ್ತೇವೆ. ಆದರೆ ಕಾಯಿಸದೆ, ನೀರಿಗೆ ಹಾಕದೆ, ಇದ್ದಲ್ಲೇ ಜೇನಿನ ಹಾಗೆ ಹರಿಯುವ ಉಪ್ಪೊಂದು ಇದ್ದರೆ? ಆವಿಯಾಗಿ ಹಾರದ, ಮೂಗಿಗೆ ವಾಸನೆ ಬಾರದ, ಕಡ್ಡಿ ಗೀರಿದರೂ ಹೊತ್ತಿಕೊಳ್ಳದ ಉಪ್ಪು? ಪ್ರಯೋಗಾಲಯದ ಜನ ಅಂಥದ್ದನ್ನು ಕಂಡುಹಿಡಿದು ಬಹಳ ಕಾಲವಾಗಿತ್ತು. ಅದನ್ನು ಮನೆಮನೆಯ ಪಡಸಾಲೆಗೆ ತಂದು ನಿಲ್ಲಿಸಿದರೆ ಏನಾಗುತ್ತದೆ ಎಂದು ಮಾತ್ರ ಯಾರೂ ನೋಡಿರಲಿಲ್ಲ. ವಿಜಯಪುರದವರು ನೋಡಿದರು.

ಆ ಹೊತ್ತಿಗೆ ಅಲ್ಲಿ ಬಿಸಿಲಿಗೆ ರಜೆ ಎನ್ನುವುದೇ ಇರಲಿಲ್ಲ. ಆಶ್ವೀಜ ಬಂದರೂ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು, ಕರೆಂಟು ಮಧ್ಯಾಹ್ನದ ಹೊತ್ತು ಊರಿನ ಕಡೆ ತಲೆ ಹಾಕುತ್ತಿರಲಿಲ್ಲ. ಆಗ ಹಿಮಧಾರೆ ಎಂಬ ಕಾರ್ಖಾನೆ ತಂಪುಕಂಬ ಮಾಡಿತು. ಆಳೆತ್ತರದ ಕಂಬ, ಅದರ ಬುಡದಲ್ಲಿ ಸೋರಿದ್ದನ್ನು ಹಿಡಿಯಲು ಪರಾತವೆಂಬ ಅಗಲ ತಾಮ್ರದ ತಟ್ಟೆ, ಅದರಿಂದ ಮೇಲೆ ಮಾಳಿಗೆಗೆ ಹೋಗುವ ಎರಡು ಕೊಳವೆ, ಒಳಗೆ ಆ ಹರಿಯುವ ಉಪ್ಪು. ಮಾಳಿಗೆಯ ಬಿಸಿಲಿಗೆ ಕಾಯ್ದಾಗ ಉಪ್ಪು ತಾನು ನುಂಗಿದ್ದ ಅನಿಲವನ್ನು ಬಿಟ್ಟುಕೊಡುತ್ತದೆ. ಆ ಅನಿಲ ಒತ್ತಡಕ್ಕೆ ದ್ರವವಾಗಿ ಕೆಳಗಿಳಿದು, ಕಂಬದಲ್ಲಿ ಮತ್ತೆ ಅನಿಲವಾಗುವಾಗ ಕೋಣೆಯ ಕಾವನ್ನೆಲ್ಲ ಹೀರುತ್ತದೆ. ಉಪ್ಪು ಅದನ್ನು ಮತ್ತೆ ನುಂಗಿಕೊಂಡು ಮಾಳಿಗೆಗೆ ಹೋಗುತ್ತದೆ. ಕರೆಂಟು ಬೇಡ, ಬಿಸಿಲು ಹೆಚ್ಚಿದಷ್ಟೂ ಮನೆ ತಂಪು. ಜನ ಕಂಬಕ್ಕೆ ಕುಂಕುಮ ಹಚ್ಚಿದರು, ಒಳಗಿನ ದ್ರವಕ್ಕೆ ತಂಪೆಣ್ಣೆ ಎಂದು ಹೆಸರಿಟ್ಟರು. ಎಣ್ಣೆ ಎಂದ ಮೇಲೆ ಹೆದರಿಕೆ ಎಲ್ಲಿಂದ ಬರಬೇಕು?

ಹೆದರಿದವಳು ಒಬ್ಬಳೇ, ಇಂದುಮತಿ ಹಂಚಿನಾಳ. ಹಿಮಧಾರೆಯ ಸುರಕ್ಷತಾ ವಿಭಾಗದ ಮುಖ್ಯಸ್ಥೆ. ಐವತ್ತರ ಹತ್ತಿರದ ವಯಸ್ಸು, ರಸಾಯನಶಾಸ್ತ್ರದಲ್ಲಿ ಡಾಕ್ಟರೇಟು, ನಾಲಿಗೆ ಮಾತ್ರ ಕೆಂಡ. ಕಾರ್ಖಾನೆಯಲ್ಲಿ ಆಕೆಗೆ 'ಬ್ಯಾಡಮ್ಮ' ಎಂದು ಹೆಸರು, ಬಾಯಿ ಬಿಟ್ಟರೆ ಬರುವ ಮೊದಲ ಮಾತು ಅದೇ ಆದ್ದರಿಂದ. ಮನೆಯಲ್ಲಿ ಹೆಸರೇ ಇರಲಿಲ್ಲ. ಯಾಕೆಂದರೆ ಮನೆಯನ್ನು ನಡೆಸುವ ಸಾವಂತ್ರೆವ್ವ, ಅಂದರೆ ಇಂದುಮತಿಯ ಗಂಡನ ಅಣ್ಣನ ಹೆಂಡತಿ, ಆಕೆಯ ಹೆಸರು ಹೇಳುವುದನ್ನು ಬಿಟ್ಟು ಆರು ವರ್ಷವಾಗಿತ್ತು.

ನೆಗೆಣ್ಣಿಯರಿಬ್ಬರೂ ಮಾತು ಬಿಟ್ಟಿದ್ದರು. ಕಾರಣ ಕೇಳಿದರೆ ನಗುತ್ತೀರಿ. ಮಗಳನ್ನು ನೋಡಲು ಬಂದ ಗಂಡಿನ ಕಡೆಯವರ ಮುಂದೆ ಸಾವಂತ್ರೆವ್ವ ತನ್ನ ಕೈಯ ಹಪ್ಪಳ ಕರಿದು ಇಟ್ಟಿದ್ದಳು. ಇಂದುಮತಿ ಒಂದು ತುಣುಕು ಬಾಯಿಗಿಟ್ಟು, ಪರ್ಸಿನಿಂದ ಬಣ್ಣದ ಕಾಗದ ತೆಗೆದು, ಉಳಿದ ತುಣುಕನ್ನು ನೀರಲ್ಲಿ ನೆನೆಸಿ ಅದಕ್ಕೆ ಮುಟ್ಟಿಸಿ, "ಹಪ್ಪಳಖಾರ ಹೆಚ್ಚಾಗೇತಿ, ಹೊಟ್ಟಿಗೆ ಒಳ್ಳೇದಲ್ಲ" ಎಂದಳು. ಹಪ್ಪಳದ ಕ್ಷಾರಕ್ಕೆ ಕಾಗದ ನೀಲಿಗಟ್ಟಿದ್ದು ಖರೆ. ಗಂಡಿನವರು ಆ ಹುಡುಗಿಯನ್ನು ಒಪ್ಪಲಿಲ್ಲ ಎನ್ನುವುದೂ ಖರೆ. ಎರಡಕ್ಕೂ ಸಂಬಂಧ ಇತ್ತೋ ಇಲ್ಲವೋ, ಅಂದಿನಿಂದ ಒಬ್ಬರು ಇನ್ನೊಬ್ಬರಿಗೆ ಹೇಳಬೇಕಾದ್ದನ್ನು ಬೆಕ್ಕಿಗೆ ಹೇಳುತ್ತಿದ್ದರು, ಇಲ್ಲವೆ ಒಲೆಯ ಮೇಲಿನ ಸಾರಿಗೆ. ಗಂಡಂದಿರಿಬ್ಬರೂ ಊಟಕ್ಕೆ ಬಂದು ತಲೆ ತಗ್ಗಿಸಿ ಉಂಡು ಎದ್ದುಹೋಗುವ ಜಾತಿ.

ಆ ವರ್ಷ ಮಾನೌಮಿ ಅಮಾವಾಸ್ಯೆಯ ಸಾರಣೆ, ಅಂದರೆ ಮಹಾನವಮಿಗೆ ಮನೆ ತೊಳೆದು ಬಳಿಯುವ ಕೆಲಸ, ಶುರುವಾಗುವ ಮುಂಚೆ ಇಂದುಮತಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ಬೆಕ್ಕನ್ನು ನೋಡುತ್ತ ಹೇಳಿದಳು:

"ಕಂಬದ ಕೆಳಗಿನ ಪರಾತಕ್ಕ ಯಾರೂ ನೀರು ಮುಟ್ಟಸಬಾರದು. ಹಬ್ಬ ಐತಿ ಅಂತ ಅದನ್ನ ತಿಕ್ಕೂದೂ ಬ್ಯಾಡ, ತೊಳಿಯೂದೂ ಬ್ಯಾಡ."

ಸಾವಂತ್ರೆವ್ವ ಸೌಟು ತಿರುಗಿಸುತ್ತ ಸಾರಿಗೆ ಹೇಳಿದಳು: "ಕೇಳಿದೇನು? ಇನ್ನ ಮ್ಯಾಲ ನನ್ನ ಮನ್ಯಾಗ ತಾಮ್ರ ತಿಕ್ಕಾಕೂ ಕಾರ್ಖಾನಿ ಅಪ್ಪಣಿ ಬೇಕಂತ."

ಯಾಕೆ ಬೇಡ ಎಂದು ಇಂದುಮತಿ ಹೇಳಬೇಕಿತ್ತು. ಆದರೆ ಬೆಕ್ಕಿನ ಮುಂದೆ ನಿಂತು ರಸಾಯನಶಾಸ್ತ್ರ ಬಿಡಿಸಿ ಹೇಳುವುದು ಹೇಗೆ? ಅಷ್ಟು ಹೇಳಬೇಕಾದರೆ ನೇರ ಮುಖ ನೋಡಿ ಹೇಳಬೇಕು. ಮುಖ ನೋಡಿದರೆ ಸೋತಂತೆ. ಹೇಳಿದ್ದು ಸಾಕು ಎಂದುಕೊಂಡು ಚಪ್ಪಲಿ ಮೆಟ್ಟಿ ಕಾರ್ಖಾನೆಗೆ ಹೋದಳು.

ಕಾರ್ಖಾನೆಯಲ್ಲಿ ಆಕೆಯ ಮೇಜಿನ ಮೇಲೆ ಒಂದು ಗಾಜಿನ ಬಾಟಲಿ ಕಾಯುತ್ತಿತ್ತು. ಯಾರದೋ ಮನೆಯಿಂದ ವಾಪಸು ಬಂದ ಹಳೆಯ ಕಂಬದಿಂದ ಅವಳು ಒಂದಿಷ್ಟು ತಂಪೆಣ್ಣೆ ಬಸಿದುಕೊಂಡಿದ್ದಳು. ಹಿಂದಿನ ದಿನ ಅದಕ್ಕೆ ಬಿಸಿನೀರು ಸೇರಿಸಿ, ಹುಣಸೆಹಣ್ಣಿನ ರಸ ಹಿಂಡಿ, ಮುಚ್ಚಿ ಹೋಗಿದ್ದಳು. ಈಗ ನೋಡಿದರೆ ಬಾಟಲಿಯ ಒಳಮೈ ಮಬ್ಬಾಗಿತ್ತು. ಎಷ್ಟು ತೊಳೆದರೂ ಮಬ್ಬು ಹೋಗಲಿಲ್ಲ. ಕೊಳೆಯಾಗಿದ್ದರೆ ಹೋಗುತ್ತಿತ್ತು. ಇಲ್ಲಿ ಗಾಜನ್ನೇ ಏನೋ ತಿಂದಿತ್ತು.

ಬಾಟಲಿ ಹಿಡಿದುಕೊಂಡು ಸೀದಾ ನಿರ್ದೇಶಕರ ಕೋಣೆಗೆ ನುಗ್ಗಿದಳು. ನಿರ್ದೇಶಕ ಡಾ. ಅರವಿಂದ ಮಸೂತಿ ಅದೇ ಜಿಲ್ಲೆಯವನು, ತಂಪೆಣ್ಣೆಯನ್ನು ಮೊದಲು ತಯಾರಿಸಿದ ತಂಡದವನು, ಇಸ್ತ್ರಿ ಮುರಿಯದ ಅಂಗಿಯವನು. ಇಂದುಮತಿಯನ್ನು ಕಂಡರೆ ಅವನಿಗೆ ಹಲ್ಲುನೋವು ಬಂದ ಮುಖವಾಗುತ್ತಿತ್ತು.

"ನೋಡ್ರಿ ಸರ್. ಎರಡು ವರ್ಷ ಬಿಸಲಾಗ ಕಾಯ್ದ ಎಣ್ಣಿ ಇದು. ಇದರಾಗ ಫ್ಲೋರಿನ್ ಐತಿ ಅನ್ನೂದು ನಿಮಗ ನಾ ಹೇಳಬೇಕಾಗಿಲ್ಲ. ಒಣಾ ಇರೋತನಕ ಅದು ತಣ್ಣಗ ಕುಂತಿರ್ತೈತಿ. ನೀರು, ಕಾವು, ಹುಳಿ, ಮೂರೂ ಒಟ್ಟಿಗೆ ಬಿದ್ದರ ಬಿಡಿಸಿಕೊಂಡು ಹೈಡ್ರೋಫ್ಲೋರಿಕ್ ಆಮ್ಲ ಆಗ್ತೈತಿ. ಗಾಜು ತಿನ್ನೋ ಆಮ್ಲ."

ಮಸೂತಿ ಬಾಟಲಿಯನ್ನು ಮುಟ್ಟಲಿಲ್ಲ. "ಹೊಸಾ ಎಣ್ಣಿ ತಗೊಂಡು ಇದನ್ನ ಮಾಡ್ರಿ ಮೇಡಂ. ಏನೂ ಆಗಂಗಿಲ್ಲ."

"ಹೊಸಾ ಎಣ್ಣಿ ಯಾರ ಮನ್ಯಾಗ ಐತ್ರಿ? ಊರಾಗ ಇರೋದೆಲ್ಲಾ ಹಳೇದ. ಬಿರಡಿ ಸಡ್ಲಾಗಿ ಹನಿ ಹನಿ ಪರಾತಕ್ಕ ಬೀಳ್ತೈತಿ. ಆರಂಗಿಲ್ಲ, ಅಂಟಂಟ ನಿಂದರತೈತಿ, ಧೂಳ ಕೂಡತೈತಿ. ಮೊದಲ ನಮ್ಮ ಹುಡುಗರು ಹೋಗಿ ಒಣಾ ಅರಿವಿಲೆ ಒರಸಿ ಬರ್ತಿದ್ದರು. ಖರ್ಚು ಅಂತ ಅವರನ್ನ ನಿಲ್ಲಿಸಿದವರು ನೀವು."

ಪರಾತದ ಕಥೆ ಬೇರೆಯೇ ಇತ್ತು. ಸೋರಿದ್ದನ್ನು ಹಿಡಿಯಲು ಪ್ಲಾಸ್ಟಿಕ್ ತಟ್ಟೆ ಇಡಬೇಕು ಎಂದು ಇಂದುಮತಿ ಬಡಿದಾಡಿದ್ದಳು. ಮಾರಾಟದವರು ತಾಮ್ರದ ಪರಾತವೇ ಬೇಕೆಂದರು, ಈ ಸೀಮೆಯಲ್ಲಿ ತಾಮ್ರ ಇಟ್ಟರೆ ಮನೆಯವರು ಕಂಬವನ್ನು ತಮ್ಮದು ಎಂದುಕೊಳ್ಳುತ್ತಾರೆ ಎಂದು. ಮಾತು ಸುಳ್ಳಲ್ಲ. ಜನ ಎಷ್ಟು ತಮ್ಮದು ಎಂದುಕೊಂಡರೆಂದರೆ ಖಂಡೆಪೂಜೆಗೆ, ಅಂದರೆ ಆಯುಧಪೂಜೆಗೆ, ಗಾಡಿ, ಕುಡುಗೋಲು, ಹೊಲಿಗೆ ಯಂತ್ರದ ಜೊತೆ ತಂಪುಕಂಬವನ್ನೂ ಸಾಲಿನಲ್ಲಿ ಸೇರಿಸಿದ್ದರು. ಪೂಜೆಗೆ ಮುಂಚೆ ತಾಮ್ರವನ್ನು ಏನು ಮಾಡುತ್ತಾರೆ? ಹಂಡೆಯ ಸುಡುನೀರು ಹೊಯ್ದು, ಹುಣಸೆಹಣ್ಣು ಹಚ್ಚಿ, ಮುಖ ಕಾಣುವ ಹಾಗೆ ತಿಕ್ಕುತ್ತಾರೆ. ಕಳೆದ ವರ್ಷ ಎಣ್ಣೆ ಇನ್ನೂ ಎಳೆಯದಿತ್ತು, ಬಚಾವಾದರು. ಈ ವರ್ಷ ಹಾಗಲ್ಲ. ಪ್ರಯೋಗಾಲಯದಲ್ಲಿ ಯಾರೂ ಬೇಕೆಂದು ಮಾಡದ ಪ್ರಯೋಗವನ್ನು ಊರಿನ ಹೆಂಗಸರೆಲ್ಲ ಒಂದೇ ದಿನ ಬರಿಗೈಯಲ್ಲಿ ಮಾಡುವವರಿದ್ದರು.

"ಖಂಡೆಪೂಜಿಗೆ ಮೊದಲ ಊರಿಗೆಲ್ಲಾ ಸಾರಬೇಕ್ರಿ," ಎಂದಳು ಇಂದುಮತಿ.

"ವಾಸನಿ ಇಲ್ಲ, ಹೊಗಿ ಇಲ್ಲ, ಬೆಂಕಿ ಹತ್ತಂಗಿಲ್ಲ ಅಂತ ಹೇಳಿ ಮಾರೀವಿ. ಈಗ ಹಬ್ಬದ ಮುಂದ ಮುಟ್ಟಬ್ಯಾಡ್ರಿ ಅಂದ್ರ ಮಂದಿ ಕಂಬಾ ಕಿತ್ತು ಬೀದಿಗೆ ಒಗೀತಾರ. ಆಮ್ಯಾಲ ಈ ಬಿಸಲಾಗ ಸಾಯೋ ಮುದುಕರಿಗೆ ಯಾರು ಜವಾಬ್ದಾರಿ, ನೀವ?"

ಆ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಅದಕ್ಕೇ ಇಂದುಮತಿಗೆ ಇನ್ನಷ್ಟು ಸಿಟ್ಟು ಬಂತು. "ಕಂಬಾ ಕೀಳ್ರಿ ಅಂತ ಹೇಳೂದಿಲ್ಲ. ಪರಾತ ತೊಳೀಬ್ಯಾಡ್ರಿ ಅಂತ ಅಷ್ಟ ಹೇಳೂದು. ಅದಕ್ಕೂ ನಿಮ್ಮ ಬಾಯಿ ಬರಂಗಿಲ್ಲೇನು?"

ಮಸೂತಿ ನಕ್ಕ. "ನೀವು ಹೇಳಿದ್ರ ಕೇಳ್ತಾರೇನ್ರಿ? ನಿಮ್ಮ ಮನ್ಯಾಗ ನಿಮ್ಮ ಮಾತು ನಡಿಯಂಗಿಲ್ಲ ಅಂತ ಇಡೀ ಕಾರ್ಖಾನಿಗೆ ಗೊತ್ತೈತಿ."

ಇಂದುಮತಿ ಬಾಟಲಿಯನ್ನು ಅವನ ಮೇಜಿನ ಮೇಲೆ ಕುಕ್ಕಿ ಹೊರಬಂದಳು. ಮೈಯೆಲ್ಲ ಉರಿಯುತ್ತಿತ್ತು. ಅವನು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ ಎನ್ನುವುದೇ ಹೆಚ್ಚು ಉರಿ. ಆಟೋ ಹಿಡಿದು ಮಧ್ಯಾಹ್ನಕ್ಕೇ ಮನೆಗೆ ಬಂದಳು.

ಪಡಸಾಲೆ ತಂಪಾಗಿತ್ತು. ಕಂಬದ ಕೆಳಗೆ ಪರಾತ ಬೆಳಗುತ್ತಿತ್ತು. ಅದನ್ನು ನೋಡಿದ ಕೂಡಲೇ ಇಂದುಮತಿ ಚಪ್ಪಲಿ ಬಿಡದೆಯೇ ಅಡಿಗೆಮನೆಗೆ ಓಡಿದಳು.

ಸಾವಂತ್ರೆವ್ವ ಓಣಿಗೆಲ್ಲ ಮೊದಲು ಸಾರಣೆ ಮುಗಿಸುವವಳು, ಅದು ಅವಳ ಹೆಮ್ಮೆ. ಅದರ ಮೇಲೆ ಬೆಳಿಗ್ಗೆ ಬೆಕ್ಕಿಗೆ ಬಿದ್ದ ಅಪ್ಪಣೆ ಬೇರೆ. ನೀ ಬ್ಯಾಡ ಅಂದ್ರ ನಾ ಬಿಟ್ಟೇನು ಎಂದು ಇಂದುಮತಿ ಬಾಗಿಲು ದಾಟಿದ ಗಳಿಗೆಗೇ ಹುಣಸೆಹಣ್ಣು ನೆನೆಹಾಕಿದ್ದಳು. ಈಗ ಅಡಿಗೆಮನೆಯ ನೆಲದ ಮೇಲೆ ಕೂತು ಬಲಗೈಯನ್ನು ನೀರಿನ ಬೋಗುಣಿಯಲ್ಲಿ ಅದ್ದಿಕೊಂಡಿದ್ದಳು. ಮುಖ ಬಿಳಿಚಿತ್ತು. ನರಳುತ್ತಿರಲಿಲ್ಲ. ಈಕೆಯ ಮುಂದೆ ನರಳುವುದಕ್ಕಿಂತ ಸಾಯುವುದು ಮೇಲು ಎನ್ನುವ ಹೆಂಗಸು ಅವಳು.

ಇಂದುಮತಿಯ ಕಣ್ಣು ಬಿದ್ದದ್ದು ಬಳೆಗಳ ಮೇಲೆ. ನಿನ್ನೆಯವರೆಗೆ ಫಳಫಳ ಎನ್ನುತ್ತಿದ್ದ ಹಸಿರು ಗಾಜಿನ ಬಳೆಗಳು ಸುಣ್ಣ ಸವರಿದ ಹಾಗೆ ಮಬ್ಬಾಗಿದ್ದವು. ಎಡಗೈ ಬಳೆಗಳು ಹೇಗಿದ್ದವೋ ಹಾಗೇ ಇದ್ದವು.

"ಅಕ್ಕಾರ," ಎಂದಳು. ಆರು ವರ್ಷದ ಮೇಲೆ ಮೊದಲ ಸಲ ನೇರ ಮುಖ ನೋಡಿ. "ಯಾವಾಗ ತಿಕ್ಕಿದ್ರಿ?"

ಸಾವಂತ್ರೆವ್ವ ಮುಖ ತಿರುಗಿಸಿದಳು.

"ಅಕ್ಕಾರ, ಕಾಲಿಗೆ ಬೀಳ್ತೀನಿ, ಹೇಳ್ರಿ. ಯಾವಾಗ?"

"ಮುಂಜಾನಿ," ಎಂದಳು ಸಾವಂತ್ರೆವ್ವ ಬೋಗುಣಿಗೆ. "ಆಗ ಏನೂ ಇರಲಿಲ್ಲ. ಊಟ ಆದ ಮ್ಯಾಲ ಶುರುವಾತು. ಒಳಗ, ಎಲುಬಿನೊಳಗ."

ಕೈ ನೋಡಿದರೆ ಸುಟ್ಟ ಗುರುತು ಇರಲಿಲ್ಲ. ಬೆರಳುಗಳ ತುದಿ ಬೆಳ್ಳಗಾಗಿತ್ತು, ಮುಂಗೈ ಊದಿತ್ತು, ಅಷ್ಟೆ. ಈ ಆಮ್ಲದ ಹಲಕಟ್ಟುತನ ಇರುವುದೇ ಅಲ್ಲಿ. ಮೇಲಿನ ಚರ್ಮಕ್ಕೆ ಗೊತ್ತೇ ಆಗದಂತೆ ಒಳಗಿಳಿದು, ಸುಣ್ಣ, ಅಂದರೆ ಕ್ಯಾಲ್ಸಿಯಂ, ಎಲ್ಲಿದೆ ಎಂದು ಹುಡುಕಿಕೊಂಡು ಎಲುಬಿಗೆ ಹೋಗುತ್ತದೆ. ಎಲುಬಿನ ಸುಣ್ಣ ಹೋದರೆ ಬೆರಳು ಹೋಗುತ್ತದೆ. ರಕ್ತದ ಸುಣ್ಣ ಹೋದರೆ ಹೃದಯ ನಿಲ್ಲುತ್ತದೆ.

ಊದಿದ ಮುಂಗೈಗೆ ಬಳೆಗಳು ಕಚ್ಚಿಕೊಂಡಿದ್ದವು. ಅವುಗಳ ಅಡಿಯಲ್ಲಿ ಎಣ್ಣೆ ಇನ್ನೂ ಅಂಟಿತ್ತು. ಇಂದುಮತಿ ಚೀಲದಲ್ಲಿದ್ದ ಕಾರ್ಖಾನೆಯ ದಪ್ಪ ಕೈಗವಸು ಹಾಕಿಕೊಂಡು, ಪಡಸಾಲೆಯಿಂದ ಅಡಕೊತ್ತು ತಂದು, ಬಳೆಗಳನ್ನು ಒಂದೊಂದಾಗಿ ಒಡೆಯತೊಡಗಿದಳು.

ಸಾವಂತ್ರೆವ್ವ ಚೀರಿದಳು. ನೋವಿಗಲ್ಲ. ಗಂಡ ಬದುಕಿರುವ ಹೆಂಗಸಿನ ಬಳೆಯನ್ನು ಮನೆಯೊಳಗೆ ಇನ್ನೊಬ್ಬಳು ಒಡೆಯುವುದೆಂದರೆ ಅದಕ್ಕಿಂತ ದೊಡ್ಡ ಶಾಪ ಅವಳಿಗೆ ಗೊತ್ತಿರಲಿಲ್ಲ. ಎಡಗೈ ಎತ್ತಿ ಇಂದುಮತಿಯ ಕೆನ್ನೆಗೆ ಬಾರಿಸಿದಳು. "ನಿನ್ನ ಕೈ ಸೇದಿ ಹೋಗಲಿ. ನನ್ನ ಮಗಳ ಮದುವಿ ಮುರಿದಿ, ಈಗ ನನ್ನ ಮುತ್ತೈದಿತನಕ್ಕ ಕೈ ಹಾಕ್ತಿಯೇನು?"

ಇಂದುಮತಿ ಕೆನ್ನೆ ಸವರಿಕೊಳ್ಳಲಿಲ್ಲ. ಕೊನೆಯ ಬಳೆ ಒಡೆದಳು, ಆ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಬಹಳ ಹೊತ್ತು ನೀರು ಬಿಟ್ಟಳು, ಆಮೇಲೆ ಎಳೆದುಕೊಂಡೇ ಆಸ್ಪತ್ರೆಗೆ ಹೋದಳು. ಡಾಕ್ಟರಿಗೆ ಇದು ಹೊಸದು. ಇಂದುಮತಿ ಪಕ್ಕದಲ್ಲೇ ನಿಂತು ಜಬರಿಸಿ ಹೇಳಿದ ಮೇಲೆ ಕ್ಯಾಲ್ಸಿಯಂ ಸೂಜಿಗಳನ್ನು ಬೆರಳುಗಳಿಗೇ ಚುಚ್ಚಿದರು. ಎಲುಬಿಗೆ ಹೋಗುವ ಆಮ್ಲಕ್ಕೆ ದಾರಿಯಲ್ಲೇ ಸುಣ್ಣ ತಿನ್ನಿಸಿ ತಡೆಯುವುದೊಂದೇ ಮದ್ದು. ಜೀವ ಉಳಿಯಿತು. ತೋರುಬೆರಳಿನ ತುದಿ ಕಪ್ಪಾಗಿ ಹೋಯಿತು.

ಮರುದಿನವೇ ಇಂದುಮತಿ ಊರಿನ ಟಿವಿ ವಾಹಿನಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವಳ ದನಿಯಲ್ಲಿ ಎಂದಿನ ಗದರಿಕೆಯೇ ಇತ್ತು. ನೋಡಿದ ಹೆಂಗಸರಿಗೆ ಮೇಷ್ಟ್ರು ಬೈದ ಹಾಗಾಯಿತು. ಕಾರ್ಖಾನೆ ಅವಳನ್ನು ಕೆಲಸದಿಂದ ಅಮಾನತು ಮಾಡಿತು. ಅದೇ ವಾಹಿನಿಯಲ್ಲಿ ಮಸೂತಿ ಬಂದು ಮೃದುವಾಗಿ ಮಾತಾಡಿದ: ಅದು ನೆಗೆಣ್ಣಿಯರ ಜಗಳ, ಕಾರ್ಖಾನೆಗೆ ಸಂಬಂಧವಿಲ್ಲ, ಆ ತಾಯಿ ಪರಾತಕ್ಕೆ ಸಂಡಾಸು ತೊಳೆಯುವ ಆ್ಯಸಿಡ್ ಹಾಕಿದ್ದಾರೆಂದು ಕೇಳಿದ್ದೇನೆ, ಖಂಡೆಪೂಜೆಯ ಹಿಂದಿನ ದಿನ ಕಾರ್ಖಾನೆಯ ಮುಂದಿನ ಚಪ್ಪರದಲ್ಲಿ ಎಲ್ಲರೆದುರು ನಾನೇ ಪರಾತ ತೊಳೆದು ತೋರಿಸುತ್ತೇನೆ.

ಆಸ್ಪತ್ರೆಯ ಮಂಚದ ಮೇಲಿಂದ ಸಾವಂತ್ರೆವ್ವ ಅದನ್ನು ನೋಡಿದಳು. ನೋಡಿ ಎದ್ದು ಕೂತಳು.

"ತಾಮ್ರಕ್ಕ ನಾನು ಸಂಡಾಸದ ಆ್ಯಸಿಡ್ ಹಾಕೀನಂತ," ಎಂದಳು, ಇಂದುಮತಿಯ ಕಡೆ ತಿರುಗಿ. "ನಾನು. ಅಂವಾ ಹಂಗ ಅಂದ."

"ಅಂದ."

"ಅಂವಾ ತೊಳೆದು ತೋರಸ್ತಾನಲ್ಲ, ಅಂವಗ ಏನೂ ಆಗಂಗಿಲ್ಲೇನು?"

"ಹೊಸಾ ಎಣ್ಣಿ ಹಾಕಿ ತೊಳೀತಾನ ಅಕ್ಕಾರ. ಅದಕ್ಕ ಏನೂ ಆಗಂಗಿಲ್ಲ. ಮಂದಿ ನೋಡಿ ಮನಿಗೆ ಹೋಗಿ ಹಳೇದನ್ನ ತೊಳೀತಾರ."

ಸಾವಂತ್ರೆವ್ವ ಪಟ್ಟಿ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಯೋಚಿಸಿದಳು. "ಹಂಗಾದ್ರ ಹಳೇದು ತೊಳೀಲಿ. ಬಾಜೂಮನಿ ಮಹಾನಂದಾನ ಪರಾತ ಹ್ವಾದ ವರ್ಷದ ಹಬ್ಬಕ್ಕೂ ನೀರು ಕಂಡಿಲ್ಲ, ಆಕಿ ಮೈಗಳ್ಳಿ. ಅದನ್ನ ಒಯ್ಯೂಣು."

"ನಾನು ಹೇಳಿದ್ರ ಯಾರೂ—"

"ನೀ ಹೇಳಿದ್ರ ಯಾರ ನಂಬ್ತಾರ? ನೀ ಬಾಯಿ ತಗದ್ರ ಹಾಲೂ ಒಡೀತೈತಿ. ನಾ ಹೇಳ್ತೀನಿ. ನಿನ್ನ ಕಂಡ್ರ ನನಗ ಆಗಂಗಿಲ್ಲ ಅನ್ನೂದು ಊರಿಗೆಲ್ಲಾ ಗೊತ್ತೈತಿ. ಅದಕ್ಕ ನಂಬ್ತಾರ." ತಡೆದು ಹೇಳಿದಳು, "ಬಳಿ ಒಡದದ್ದು ನಾ ಮರಿಯಂಗಿಲ್ಲ, ತಿಳಿಕೊ."

"ಮರೀಬ್ಯಾಡ್ರಿ," ಎಂದಳು ಇಂದುಮತಿ.

ಖಂಡೆಪೂಜೆಯ ಹಿಂದಿನ ದಿನ ಬೆಳಿಗ್ಗೆ ಚಪ್ಪರ ತುಂಬಿ ಹೋಗಿತ್ತು. ಹೆಂಗಸರೇ ಹೆಚ್ಚು. ಮನೆಯಲ್ಲಿ ಹಂಡೆಯ ನೀರು ಕಾಯಲಿಟ್ಟೇ ಬಂದವರಿದ್ದರು, ಇಲ್ಲಿ ನೋಡಿ ಹೋದ ಕೂಡಲೇ ತಿಕ್ಕಲು ಕೂರಬೇಕಲ್ಲ. ವೇದಿಕೆಯ ಮೇಲೆ ಮೇಜು, ಮೇಜಿನ ಮೇಲೆ ಹೊಸ ಪರಾತ, ಅದರಲ್ಲಿ ಸೀಲು ಒಡೆದು ಸುರಿದ ಹೊಸ ತಂಪೆಣ್ಣೆ, ಪಕ್ಕದಲ್ಲಿ ಹಬೆಯಾಡುವ ನೀರು ಮತ್ತು ಹುಣಸೆಹಣ್ಣಿನ ಉಂಡೆ. ಮಸೂತಿ ತೋಳು ಮಡಚಿ ಸಿದ್ಧನಾಗಿದ್ದ. ಟಿವಿಯವರು ದೀಪ ಹಚ್ಚಿದರು.

ಆಗ ಸಾವಂತ್ರೆವ್ವ ಮೆಟ್ಟಿಲು ಹತ್ತಿದಳು. ಹಿಂದೆ ಇಂದುಮತಿ, ಕೈಗವಸು ಹಾಕಿಕೊಂಡು, ಮಹಾನಂದಾಳ ಪರಾತ ಹಿಡಿದು. ಎರಡು ವರ್ಷದ ಎಣ್ಣೆ ಅದರಲ್ಲಿ ಕಂದು ಬಣ್ಣಕ್ಕೆ ತಿರುಗಿ ಅಂಟಿಕೊಂಡಿತ್ತು.

"ಸಾಹೇಬ್ರ, ತಾಮ್ರಕ್ಕ ಸಂಡಾಸದ ಆ್ಯಸಿಡ್ ಹಾಕಿದಾಕಿ ನಾನ," ಎಂದಳು ಸಾವಂತ್ರೆವ್ವ. ಮೈಕು ಬೇಕಿರಲಿಲ್ಲ. "ನಲವತ್ತು ವರ್ಷ ತಾಮ್ರಾ ತಿಕ್ಕಿದ ಕೈ ಇದು, ನೋಡ್ರಿ." ಪಟ್ಟಿ ಸುತ್ತಿದ ಕೈ ಎತ್ತಿದಳು. "ಹೊಸಾ ಕಂಬಾ ಯಾರ ಮನ್ಯಾಗೂ ಇಲ್ಲ. ನಮ್ಮ ಓಣಿ ಪರಾತ ತಂದೀನಿ. ಇದನ್ನ ತೊಳೀರಿ."

ಮಸೂತಿ ಮುಗುಳ್ನಗುತ್ತಲೇ ಹೇಳಿದ, "ತಾಯಿ, ನಿಮ್ಮನ್ನ ಈ ಮೇಡಂ ತಲಿ ಕೆಡಿಸಿ ಕರಕೊಂಡು ಬಂದಾರ."

"ಈಕಿ?" ಸಾವಂತ್ರೆವ್ವ ಜನರ ಕಡೆ ತಿರುಗಿದಳು. "ಈಕಿ ನನ್ನ ವೈರಿ. ಈಕಿ ಮಾರಿ ಕಂಡ್ರ ನನಗ ಉಂಡ ಕೂಳು ಮೈಗೆ ಹತ್ತಂಗಿಲ್ಲ. ನನ್ನ ಬಳಿ ಒಡದಾಳ ಈಕಿ. ಆದ್ರ ಪರಾತಕ್ಕ ನೀರು ಮುಟ್ಟಸಬ್ಯಾಡ್ರಿ ಅಂದಿದ್ದಳು, ನಾ ಹಟಕ್ಕ ಬಿದ್ದು ಮುಟ್ಟಿಸಿದೆ. ಬೆರಳು ಹೋತು. ಇಷ್ಟ ನನ್ನ ಮಾತು. ಇನ್ನ ಸಾಹೇಬ್ರು ತೊಳೀಲಿ."

ಚಪ್ಪರದಲ್ಲಿ ಗುಸುಗುಸು ಎದ್ದಿತು. "ತೊಳೀರಿ ಸಾಹೇಬ್ರ, ನೋಡೂಣು," ಎಂದು ಹಿಂದಿನಿಂದ ಯಾರೋ ಕೂಗಿದರು. ಟಿವಿಯವನು ಕ್ಯಾಮೆರಾವನ್ನು ಹಳೆಯ ಪರಾತದ ಕಡೆ ತಿರುಗಿಸಿದ.

ಮಸೂತಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ ಎಂದಲ್ಲ. ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದು ಇಂದುಮತಿಗೆ ಅವನ ಮುಖದಲ್ಲಿ ಕಾಣಿಸಿತು. ಬೇಗ ಬೇಗ ನಾಲ್ಕು ಸಲ ತಿಕ್ಕಿ, ಧಾರಾಳ ನೀರಲ್ಲಿ ಕೈ ತೊಳೆದರೆ ಪಾರಾಗಬಹುದು. ಪಾರಾಗದಿದ್ದರೂ ಅಷ್ಟರಲ್ಲಿ ಜನ ಮನೆ ಸೇರಿರುತ್ತಾರೆ. ಅವನು ಬಿಸಿನೀರು ಹೊಯ್ದ, ಹುಣಸೆಹಣ್ಣು ಎತ್ತಿಕೊಂಡ, ಎರಡೂ ಕೈ ಪರಾತಕ್ಕೆ ಇಳಿಸಿದ. ಆದರೆ ಹಳೆಯ ಎಣ್ಣೆ ಸುಲಭಕ್ಕೆ ಬಿಡುವಂಥದ್ದಲ್ಲ. ತಾಮ್ರ ಬೆಳಗದಿದ್ದರೆ ಹೆಂಗಸರು ನಗುತ್ತಾರೆ. ಅವನು ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ತಿಕ್ಕಬೇಕಾಯಿತು. ಕಡೆಗೆ ಪರಾತ ಹೊಳೆಯಿತು. ಕೈ ತೊಳೆದು, ಎರಡೂ ಅಂಗೈ ಎತ್ತಿ ತೋರಿಸಿದ. ಏನೂ ಆಗಿರಲಿಲ್ಲ. ಚಪ್ಪಾಳೆ ಬಿತ್ತು.

ಹೆಂಗಸರು ಏಳತೊಡಗಿದರು. ಹಂಡೆಯ ನೀರು ಕಾದಿರುತ್ತದೆ.

ಇಂದುಮತಿಯ ಚೀಲದಲ್ಲಿ ಆಸ್ಪತ್ರೆಯಿಂದ ತಂದ ಒಂದು ಟ್ಯೂಬು ಇತ್ತು, ಕ್ಯಾಲ್ಸಿಯಂ ಮುಲಾಮಿನದು. ಆಮ್ಲ ಚರ್ಮ ದಾಟುವಾಗಲೇ ಹಚ್ಚಿದರೆ ಬೆರಳು ಉಳಿಯುತ್ತದೆ. ತಡ ಮಾಡಿದಷ್ಟೂ ಅದರ ಕೆಲಸ ಕಡಿಮೆ. ಕೊಡಬಾರದು ಎಂದು ಅವಳಿಗೆ ಅನಿಸಿತು. ಇವನು ಬೇಯಲಿ, ಎಲ್ಲರ ಮುಂದೆ ಕೂಗಾಡಲಿ, ಆಗ ಊರು ನಂಬುತ್ತದೆ. ಇವನೊಬ್ಬನ ಕೈಗೆ ಊರಿನ ಕೈಗಳೆಲ್ಲ ಉಳಿಯುತ್ತವೆ. ಹಾಗೆ ಅನಿಸಿದ್ದಕ್ಕೆ ಅವಳಿಗೆ ನಾಚಿಕೆಯೇನೂ ಆಗಲಿಲ್ಲ. ಆದರೂ ಕೈ ಚೀಲದೊಳಗೆ ಹೋಯಿತು. ಆಮ್ಲ ಯಾರನ್ನು ಸುಡುತ್ತದೆ ಎಂದು ನೋಡಿ ಮದ್ದು ಕೊಡುವುದನ್ನು ಅವಳು ಕಲಿತಿರಲಿಲ್ಲ.

ಟ್ಯೂಬನ್ನು ಮೇಜಿನ ಮೇಲೆ, ಅವನ ಕೈಗೆ ಸಿಗುವ ಹಾಗೆ ಇಟ್ಟಳು. "ಈಗ ಹಚ್ಚಿಕೊಂಡ್ರ ಬೆರಳು ಉಳೀತಾವ. ಮದ್ದು ಏನಂತ ನಿಮಗ ಗೊತ್ತೈತಿ. ಹಚ್ಕೊಳ್ರಿ ಸರ್."

ಕ್ಯಾಮೆರಾ ಇನ್ನೂ ನಡೆಯುತ್ತಿತ್ತು. ಹಚ್ಚಿಕೊಂಡರೆ ಹೌದು ಎಂದ ಹಾಗೆ. ಮಸೂತಿ ಟ್ಯೂಬಿನ ಕಡೆ ನೋಡಿ ನಕ್ಕ. "ಆರೋಗ್ಯವಾಗಿರೋ ಕೈಗೆ ಮದ್ದು ಯಾಕ್ರಿ ಮೇಡಂ?"

ಸಾವಂತ್ರೆವ್ವ ಇಂದುಮತಿಯ ಮೊಣಕೈ ತಿವಿದಳು. "ಎದಕ ಕೊಟ್ಟಿ? ಹುಚ್ಚಿ." ಆಮೇಲೆ ವೇದಿಕೆಯ ಮೆಟ್ಟಿಲ ಮೇಲೆ, ದಾರಿಗೆ ಅಡ್ಡಲಾಗಿ, ಸೀರೆ ಹರಡಿಕೊಂಡು ಕೂತಳು. "ಯಾರೂ ಏಳಬ್ಯಾಡ್ರಿ. ನಾನೂ ಮುಂಜಾನಿ ನಕ್ಕೋತ ಅಡ್ಡಾಡೀನಿ. ನನಗ ಬ್ಯಾನಿ ಬಂದದ್ದು ಊಟ ಆದ ಮ್ಯಾಲ. ಸಾಹೇಬ್ರಿಗೆ ಏನೂ ಆಗಂಗಿಲ್ಲ ಅಂದ್ರ ಇಲ್ಲೇ ನಮ್ಮ ಕೂಡ ಕುಂತು ಊಟಾ ಮಾಡಲಿ. ಆಮ್ಯಾಲ ಎಲ್ಲಾರೂ ಮನಿಗೆ ಹೋಗಿ ತೊಳಿಯೂಣು. ಒಂದ ಹೊತ್ತಿಗೆ ಹಬ್ಬ ಓಡಿ ಹೋಗಂಗಿಲ್ಲ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮಹಾನಂದಾ ಮೊದಲು ಕೂತಳು. ಅವಳಿಗೆ ಕೂರುವುದೆಂದರೆ ಇಷ್ಟ. ಆಮೇಲೆ ಸಾಲು ಸಾಲಾಗಿ ಎಲ್ಲರೂ ಕೂತರು. ತನಗೆ ತುರ್ತು ಕೆಲಸವಿದೆ ಎಂದು ಮಸೂತಿ ಹೇಳಿ ನೋಡಿದ. "ಕೈಗೆ ಏನೂ ಆಗಿಲ್ಲ ಅಂದ ಮ್ಯಾಲ ಓಡೂದ್ಯಾಕ್ರಿ?" ಎಂದಳು ಸಾವಂತ್ರೆವ್ವ. ಅವನೂ ಕೂತ.

ಬಿಸಿಲು ಏರಿತು. ಚಪ್ಪರದ ಕೆಳಗೆ ಬೆವರು ಸುರಿಯಿತು, ಯಾರೂ ಕದಲಲಿಲ್ಲ. ಕಾರ್ಖಾನೆಯ ಕ್ಯಾಂಟೀನಿನಿಂದ ಊಟ ಬಂತು. ಮಸೂತಿ ಪತ್ರಿಕೆಯವರ ಜೊತೆ ಬಿಸಿಲಿನ ಬಗ್ಗೆ, ಮುಂದಿನ ವರ್ಷದ ಕಂಬಗಳ ಬಗ್ಗೆ ಮಾತಾಡುತ್ತ ರೊಟ್ಟಿ ಮುರಿದ. ಮಾತು ಚೆನ್ನಾಗಿಯೇ ನಡೆದಿತ್ತು. ಎರಡನೆಯ ರೊಟ್ಟಿ ಮುರಿಯುವಾಗ ಬೆರಳುಗಳು ಒಂದು ಗಳಿಗೆ ನಿಂತವು. ಮತ್ತೆ ಮಾತು ಮುಂದುವರಿಸಿದ. ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ಉಳಿದ ಬೆರಳುಗಳ ತುದಿಯನ್ನು ಒತ್ತಿ ಒತ್ತಿ ನೋಡತೊಡಗಿದ.

ಸಾವಂತ್ರೆವ್ವ ಅವನ ಕೈಯನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಂತೋಷ ಇರಲಿಲ್ಲ. ಆ ನೋವು ಎಲ್ಲಿಂದ ಶುರುವಾಗಿ ಎಲ್ಲಿಗೆ ಹೋಗುತ್ತದೆ ಎನ್ನುವುದು ಆ ಚಪ್ಪರದಲ್ಲಿ ಅವಳೊಬ್ಬಳಿಗೆ ಮೈಯಿಂದ ಗೊತ್ತಿತ್ತು. ಅವಳಿಗೆ ಗೊತ್ತಿಲ್ಲದಂತೆ ಅವಳ ಎಡಗೈ ಬಲಗೈಯ ಪಟ್ಟಿಯನ್ನು ಹಿಡಿದುಕೊಂಡಿತ್ತು.

ಮಸೂತಿಯ ಹಣೆಯಲ್ಲಿ ಬೆವರು ಒಡೆಯಿತು. ಒಬ್ಬ ಪತ್ರಿಕೆಯವನು ಏನೋ ಕೇಳಿದ. ಅವನಿಗೆ ಕೇಳಿಸಲಿಲ್ಲ. ಕಣ್ಣು ಮೇಜಿನ ಮೇಲಿನ ಟ್ಯೂಬಿಗೆ ಹೋಯಿತು, ಕ್ಯಾಮೆರಾಕ್ಕೆ ಹೋಯಿತು, ಮತ್ತೆ ಟ್ಯೂಬಿಗೆ ಬಂತು. ಅಳುತ್ತಿದ್ದ ಕೂಸನ್ನು ತಾಯಿಯೊಬ್ಬಳು ಎದೆಗೆ ಒತ್ತಿಕೊಂಡಳು. ಎಲ್ಲರೂ ಅವನ ಕೈಯನ್ನು ನೋಡುತ್ತಿದ್ದರು. ಆ ಕೈ ತೊಡೆ ಬಿಟ್ಟು ಮೇಲೆದ್ದಿತು, ಮೇಜಿನ ಅಂಚಿಗೆ ಬಂದಿತು, ಅಲ್ಲಿ ನಿಂತಿತು. ಆಮೇಲೆ ಟ್ಯೂಬನ್ನು ಎತ್ತಿಕೊಂಡಿತು.

ಮುಚ್ಚಳ ತಿರುಗಿಸಲು ಅವನ ಬೆರಳುಗಳಿಗೆ ಆಗಲಿಲ್ಲ. ಇಂದುಮತಿ ಹೋಗಿ ತೆಗೆದುಕೊಟ್ಟಳು, ಆಂಬುಲೆನ್ಸ್ ಕರೆಯಿರಿ ಎಂದು ಕಾವಲುಗಾರನನ್ನು ಗದರಿಸಿದಳು. ಅವನು ಎರಡೂ ಕೈಗೆ ಮುಲಾಮು ಬಳಿದುಕೊಳ್ಳುತ್ತಿದ್ದ, ಮತ್ತೆ ಮತ್ತೆ. ಬೆಳಿಗ್ಗೆಯೇ ಹಚ್ಚಿಕೊಂಡಿದ್ದರೆ ಅಷ್ಟೊಂದು ಬೇಕಾಗುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಯಾರೂ ಕೂಗಲಿಲ್ಲ, ಯಾರೂ ನಗಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಎದ್ದು, ಸೆರಗು ಝಾಡಿಸಿ, ಹಂಡೆಯ ಕೆಳಗಿನ ಒಲೆ ಆರಿಸಲು ಮನೆಗೆ ಹೊರಟರು.